ಮುಂಜಿಗೆ ಮುಂಚೆ ಒಂದು ಮಾತು ಕೇಳಿ

ಮಾನ್ಯ ಸಂಪಾದಕರೇ,

ಗಂಡುಮಕ್ಕಳ ಸುನ್ನತಿ ಬಗ್ಗೆ ನಿಮ್ಮ ವಾಚಕರ ಪುಟದಲ್ಲಿ ಬಂದ ಎರಡು ಪತ್ರ ಓದಿದೆ. ಒಬ್ಬರು ನಿಷೇಧಿಸಿ ಅಂತಾರೆ. ಇನ್ನೊಬ್ಬರು ನಮ್ಮ ಧರ್ಮದ ವಿಷಯಕ್ಕೆ ಬರಬೇಡಿ ಅಂತಾರೆ. ನಾನು ಹೇಳಬೇಕೆಂದಿರುವ ಮಾತು ಎರಡರಲ್ಲೂ ಇರಲಿಲ್ಲ.

ನಮ್ಮ ಕಡೆ ಸುನ್ನತಿಗೂ ಮುಂಜಿ ಅಂತಲೇ ಹೇಳುತ್ತೇವೆ. ತೀರ್ಥಹಳ್ಳಿಯಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ ಪಕ್ಕದಲ್ಲಿ ಕೂರುತ್ತಿದ್ದ ಭಟ್ಟರ ಹುಡುಗ 'ಮುಂದಿನ ವಾರ ನನ್ನ ಮುಂಜಿ' ಅಂತ ಕುಣಿದಾಡುತ್ತಿದ್ದ. ನನಗೆ ಹಿಂದಿನ ಬೇಸಿಗೆಯಲ್ಲಷ್ಟೇ ಆಗಿತ್ತು. ಅಯ್ಯೋ ಪಾಪ ಅನ್ನಿಸಿ, 'ಹಕ್ಕಿ ನೋಡು ಅಂತಾರೆ, ಮೇಲೆ ನೋಡಬೇಡ ಮಾರಾಯ' ಎಂದು ಗುಟ್ಟಾಗಿ ಹೇಳಿಕೊಟ್ಟೆ. ಅವನು ಜನಿವಾರ ಹಾಕಿಕೊಂಡು ನಗುತ್ತಾ ವಾಪಸ್ ಬಂದ!

ನನಗೆ ಮಾಡಿದವರು ಕ್ಷೌರದ ಕೆಲಸದ ಅಜ್ಜ. ಹೂಮಾಲೆ, ಹೊಸ ಲುಂಗಿ, ನೆಂಟರು, ಶಾವಿಗೆ ಪಾಯಸ ಎಲ್ಲ ಇತ್ತು. ಮರಗಟ್ಟಿಸುವ ಔಷಧಿ ಇರಲಿಲ್ಲ. ಗಾಯಕ್ಕೆ ಬಟ್ಟೆ ಸುಟ್ಟ ಬೂದಿ. ನಮ್ಮ ಮಳೆಯಲ್ಲಿ ಗಾಯ ಒಣಗುವುದಿಲ್ಲ ಅಂತ ಬೇಸಿಗೆಯಲ್ಲೇ ಮುಗಿಸುತ್ತಿದ್ದರು.

ಮಗನಿಗೆ ಹಾಗೆ ಬೇಡ ಅಂತ ಉಚಿತ ಶಿಬಿರಕ್ಕೆ ಕರೆದೊಯ್ದೆ. ಅವನಿಗೆ ನಾಲ್ಕು ವರ್ಷ. ಡಾಕ್ಟರೇ ಮಾಡಿದರು, ಇಂಜೆಕ್ಷನ್ನೂ ಕೊಟ್ಟರು. ರಾತ್ರಿ ನೋಡಿದರೆ ಬ್ಯಾಂಡೇಜು ನೆನೆದು ರಕ್ತ ಹಾಸಿಗೆಗೆ ಇಳಿದಿತ್ತು. ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೊರಟೆವು. ಮಂಡಗದ್ದೆ ದಾಟುವ ಹೊತ್ತಿಗೆ ಮಗು ಅಳುವುದನ್ನೂ ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಗೊತ್ತಾಯಿತು, ಹಿಮೋಫಿಲಿಯಾ. ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು.

'ತಾಯಿ ಕಡೆ ಯಾರಿಗಾದರೂ ಹೀಗಾಗಿತ್ತಾ?' ಅಂತ ಡಾಕ್ಟರ್ ಕೇಳಿದರು. ನನ್ನ ಹೆಂಡತಿ ಅಲ್ಲೇ ನೆಲದ ಮೇಲೆ ಕೂತಳು. ಅವಳ ಅಣ್ಣ ಏಳು ವರ್ಷಕ್ಕೆ, ಹಲ್ಲು ಕಿತ್ತ ಗಾಯದ ರಕ್ತ ನಿಲ್ಲದೆ ತೀರಿಕೊಂಡಿದ್ದ. ದೃಷ್ಟಿ ತಾಗಿತು ಅಂದಿದ್ದರಂತೆ. ಈ ಕಾಯಿಲೆ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. ಶಿಬಿರದಲ್ಲಿ ಆಧಾರ್ ಕಾರ್ಡ್ ಕೇಳಿದ್ದರು, ಇದನ್ನು ಕೇಳಿರಲಿಲ್ಲ.

ಆಮೇಲೆ ತಿಳಿಯಿತು, ಯಹೂದಿಗಳಿಗೆ ಇದು ಯಾವತ್ತೋ ಗೊತ್ತಿತ್ತು. ಅವರಲ್ಲಿ ಎಂಟನೇ ದಿನಕ್ಕೇ ಸುನ್ನತಿ. ಇಬ್ಬರು ಅಣ್ಣಂದಿರು ಅದರಿಂದ ಸತ್ತಿದ್ದರೆ ಮೂರನೆಯವನಿಗೆ ಮಾಡಬಾರದು ಅಂತ ಸುಮಾರು 1500 ವರ್ಷ ಹಳೆಯ ಅವರ ಧರ್ಮಗ್ರಂಥ ಟಾಲ್ಮಡ್‌ನಲ್ಲೇ ಇದೆ. ನಮ್ಮಲ್ಲೂ ಕುರ್‌ಆನ್‌ನಲ್ಲಿ ಸುನ್ನತಿಯ ಮಾತಿಲ್ಲ, ಪ್ರವಾದಿಯವರ ನುಡಿ-ನಡೆಗಳ ದಾಖಲೆಯಾದ ಹದೀಸ್‌ಗಳಲ್ಲಿದೆ. ನಮ್ಮ ಧಾರ್ಮಿಕ ಪಂಥಗಳಲ್ಲಿ ಶಾಫಿಗಳು ಕಡ್ಡಾಯ ಅಂತಾರೆ, ಹನಫಿಗಳಾದ ನಮಗೆ ಅದು ಸುನ್ನತ್, ಅಂದರೆ ಪ್ರವಾದಿಯವರ ರೂಢಿ, ಕಡ್ಡಾಯವಲ್ಲ. ಎರಡನೇ ಮಗನಿಗೂ ಅದೇ ಕಾಯಿಲೆ. ಹೆದರುತ್ತಲೇ ಮಸೀದಿಯ ಗುರುಗಳನ್ನು ಕೇಳಿದೆ. 'ಜೀವಕ್ಕೆ ಅಪಾಯ ಅಂದ್ರೆ ಬೇಡ ಬಿಡಿ' ಅಂದರು. ಎರಡೇ ನಿಮಿಷದ ಮಾತು. ಆಮೇಲೆ ಚಹಾ ತರಿಸಿದರು.

ನಿಷೇಧ ಕೇಳುವವರು ಜರ್ಮನಿ ಕಡೆ ನೋಡಲಿ. ಮಗುವಿಗೆ ಇದು ದೈಹಿಕ ಹಾನಿ ಅಂತ 2012ರಲ್ಲಿ ಕಲೋನ್‌ನ ಕೋರ್ಟು ಹೇಳಿತು. ದೊಡ್ಡ ಗಲಾಟೆಯಾಗಿ, ಅದೇ ವರ್ಷ ಡಿಸೆಂಬರಿನಲ್ಲಿ ಷರತ್ತು ಹಾಕಿ ಅನುಮತಿ ಕೊಡುವ ಕಾನೂನು ಬಂತು. ವೈದ್ಯಕೀಯ ಕ್ರಮದಲ್ಲೇ ಮಾಡಬೇಕು. ಆರು ತಿಂಗಳು ದಾಟಿದ ಮಗುವಿಗೆ ಡಾಕ್ಟರೇ ಆಗಬೇಕು. ನಮ್ಮ ಪಕ್ಕದ ಕೇರಳದ ಹೈಕೋರ್ಟು 2023ರಲ್ಲಿ ನಿಷೇಧದ ಅರ್ಜಿಯನ್ನು ವಜಾ ಮಾಡಿತು.

ಆರೋಗ್ಯಕ್ಕೆ ಒಳ್ಳೆಯದು ಅಂತ ವಾಟ್ಸಾಪಿನಲ್ಲಿ ಹಂಚುವವರಿಗೂ ಒಂದು ಮಾತು. ಎಚ್‌ಐವಿ ತಡೆಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು ಸೋಂಕು ಜಾಸ್ತಿ ಇದ್ದು ಸುನ್ನತಿ ಕಡಿಮೆ ಇರುವ ದೇಶಗಳಿಗೆ. ಶಿವಮೊಗ್ಗ ಜಿಲ್ಲೆಗಲ್ಲ. ಹಾಗಂತ 'ಮಗುವನ್ನು ಕೇಳಿದ್ದೀರಾ?' ಅನ್ನುವ ಪ್ರಶ್ನೆ ನನಗೂ ಚುಚ್ಚುತ್ತದೆ. ನಾನು ಕೇಳಿರಲಿಲ್ಲ.

ಬೇಸಿಗೆ ರಜೆ ಬಂತೆಂದರೆ ಶಿಬಿರಗಳು ಶುರು. ನಡೆಸುವವರು ಮುಂಚೆಯೇ ಮೂರು ವಿಷಯ ನೋಡಲಿ. ತಾಯಿ ಕಡೆ ರಕ್ತ ನಿಲ್ಲದ ತೊಂದರೆ ಇದೆಯಾ? ಮಗುವಿಗೆ ಸುಮ್ನೆ ತಾಗಿದರೂ ಮೈ ನೀಲಿಗಟ್ಟುತ್ತದಾ? ಮೂತ್ರದ ರಂಧ್ರ ತುದಿಯಲ್ಲಿದೆಯಾ, ಕೆಳಗಿದೆಯಾ? ಕೆಳಗಿದ್ದರೆ ಕತ್ತರಿಸಲೇಬಾರದು, ಮುಂದೆ ಅದನ್ನು ಸರಿಪಡಿಸುವ ಆಪರೇಷನ್ನಿಗೆ ಆ ಚರ್ಮವೇ ಬೇಕು. ಬ್ಯಾನರಿನಲ್ಲಿ ಅಷ್ಟೊಂದು ಮುಖಂಡರ ಫೋಟೋ ಹಾಕುತ್ತಾರೆ. ಕೆಳಗೆ ಈ ಪ್ರಶ್ನೆಗಳಿಗೂ ಒಂದಿಷ್ಟು ಜಾಗ ಬಿಡಲಿ.

ಒಬ್ಬ ಓದುಗ, ತೀರ್ಥಹಳ್ಳಿ