ಅಪ್ಪ ಮನೆಗೆ, ನಾನು ಡೆಸ್ಕಿಗೆ

ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಗೋಡೆ ಹಿಡಿದುಕೊಂಡು ಬಚ್ಚಲವರೆಗೆ ನಡೆಯುತ್ತಾರೆ. ಕಾಫಿಗೆ ಸಕ್ಕರೆ ಸಾಲದು ಅಂತ ಜಗಳ ತೆಗೆಯುತ್ತಾರೆ. ಅಷ್ಟರ ಮಟ್ಟಿಗೆ ಸುಧಾರಿಸಿದ್ದಾರೆ ಅಂತ ಲೆಕ್ಕ. ಏನಾಗಿತ್ತು, ಹೇಗಾಯ್ತು ಅನ್ನುವುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಮತ್ತೆ ಬರೆಯುವ ತ್ರಾಣ ನನಗಿಲ್ಲ. ನಾಳೆಯಿಂದ ನಾನು ಮತ್ತೆ ಪತ್ರಿಕೆಯ ರಾತ್ರಿ ಪಾಳಿಗೆ ಹೋಗುತ್ತಿದ್ದೇನೆ. ಹೋಗುವ ಮುಂಚೆ ಕೆಲವರನ್ನು ನೆನೆಯಬೇಕು.

ಇವತ್ತು ಜುಲೈ 1, ಪತ್ರಿಕಾ ದಿನ ಬೇರೆ. 1843ರಲ್ಲಿ ಇದೇ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ. ಕಲ್ಲಚ್ಚಿನ ಮುದ್ರಣ, ಹದಿನೈದು ದಿನಕ್ಕೊಂದು ಸಂಚಿಕೆ. ಪತ್ರಿಕಾ ದಿನದ ಭಾಷಣಗಳಲ್ಲಿ ಪ್ರತಿ ವರ್ಷ ಇದು ಬಂದೇ ಬರುತ್ತದೆ. ಪ್ರತಿ ವರ್ಷವೂ ನಮ್ಮ ಡೆಸ್ಕಿನಲ್ಲಿ ಯಾರಾದರೊಬ್ಬರು ಕೇಳುತ್ತಾರೆ: ಅಷ್ಟು ಒಳ್ಳೆ ಡೆಡ್‌ಲೈನನ್ನು ಯಾಕೆ ಕೈಬಿಟ್ಟರೋ?

ಅಪ್ಪನಿಗೆ ನಾನು ಪತ್ರಿಕೆ ಸೇರುವುದು ಸುತರಾಂ ಇಷ್ಟವಿರಲಿಲ್ಲ. ಪಿಯುಸಿ ಮುಗಿದಾಗ ಡಿ.ಎಡ್ ಅರ್ಜಿಯನ್ನು ತಾವೇ ತಂದು ತುಂಬಿದ್ದರು. ಟೀಚರ್ ಕೆಲಸ, ಸಂಜೆ ಐದಕ್ಕೆ ಮನೆ, ದಸರಾ ರಜೆ, ಬೇಸಿಗೆ ರಜೆ. ನಾನು ಹಟ ಮಾಡಿ ಬಿ.ಎ ಓದಿ, ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಸೇರಿದೆ. ಮೈಸೂರಿನಲ್ಲಿ ಈ ಕೋರ್ಸು ನಿನ್ನೆ ಮೊನ್ನೆಯದಲ್ಲ, 1951ರಲ್ಲೇ ಮಹಾರಾಜ ಕಾಲೇಜಿನಲ್ಲಿ ಶುರುವಾಗಿದ್ದು ಅಂತೆಲ್ಲ ಹೇಳಿ ಅವರನ್ನು ಒಪ್ಪಿಸಲು ನೋಡಿದೆ. ‘ಹಳೇ ಕೋರ್ಸಾದ್ರೆ ಸಂಬಳ ಜಾಸ್ತಿ ಕೊಡ್ತಾರಾ?’ ಅಂದರು. ಕೊಡಲಿಲ್ಲ. ಆ ವಿಷಯದಲ್ಲಿ ಅವರದೇ ಸರಿ.

ಪತ್ರಕರ್ತೆ ಅಂದ ಕೂಡಲೇ ನೆಂಟರು ಯಾವ ಚಾನೆಲ್ಲು ಅಂತ ಕೇಳುತ್ತಾರೆ. ನಾನು ಕ್ಯಾಮೆರಾ ಮುಂದೆ ಒಂದು ದಿನವೂ ನಿಂತವಳಲ್ಲ. ಡೆಸ್ಕಿನವಳು. ತಾಲ್ಲೂಕುಗಳಿಂದ ಬಂದ ಕಾಪಿ ತಿದ್ದುವುದು, ತಲೆಬರಹ ಕೊಡುವುದು, ಪುಟ ಅಚ್ಚಿಗೆ ಬಿಡುವುದು. ನಾನು ಸೇರಿದ ಹೊಸದರಲ್ಲಿ ಸುದ್ದಿ ಫ್ಯಾಕ್ಸಿನಲ್ಲಿ ಬರುತ್ತಿತ್ತು. ಫ್ಯಾಕ್ಸ್ ಕೈಕೊಟ್ಟರೆ ಕೆಎಸ್ಆರ್‌ಟಿಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕವರ್. ಒಂದು ಸಭೆಯ ಸುದ್ದಿಯಲ್ಲಿ ಅರ್ಧಕ್ಕರ್ಧ ವೇದಿಕೆ ಮೇಲೆ ಕೂತವರ ಹೆಸರೇ. ಅವನ್ನೆಲ್ಲ ಹೊಡೆದು ಹಾಕಿದರೆ ಮಾರನೇ ದಿನ ವರದಿಗಾರನ ಫೋನು: ‘ಮೇಡಂ, ನಾನು ಇನ್ನು ಆ ಬೀದೀಲಿ ಓಡಾಡೋದು ಹೇಗೆ?’

ದೂರದ ಊರಿನ ಎಡಿಷನ್ ಮೊದಲು ಅಚ್ಚಿಗೆ, ನಗರದ್ದು ಕೊನೆಗೆ. ಹಾಗಾಗಿ ನಮ್ಮ ರಾತ್ರಿ ಒಂದೇ ಸಲ ಮುಗಿಯುವುದಿಲ್ಲ, ಕಂತಿನಲ್ಲಿ ಮುಗಿಯುತ್ತದೆ. ಕಾರ್ಯನಿರತ ಪತ್ರಕರ್ತರಿಗಾಗಿ 1955ರಲ್ಲಿ ಬಂದ ಕಾಯ್ದೆ, ಅದರ ನಿಯಮಗಳ ಪ್ರಕಾರ ರಾತ್ರಿ ಪಾಳಿ ಐದೂವರೆ ಗಂಟೆಯದಾಗಿತ್ತು. ಹೊಸಬರಿಗೆ ಇದನ್ನು ಹೇಳಿದರೆ ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಹೊರಗಿನವರಿಗೆ ಹೇಳಲು ಮುಜುಗರವಾಗುವ ಕೆಲಸವೂ ಒಂದಿದೆ. ಬದುಕಿರುವವರ ಸಾವಿನ ಪುಟ ಸಿದ್ಧ ಮಾಡಿಡುವುದು. 2019ರ ಜನವರಿಯಲ್ಲಿ ಸಿದ್ಧಗಂಗಾ ಶ್ರೀಗಳು ಹಾಸಿಗೆ ಹಿಡಿದಿದ್ದಾಗ, ಒಂದು ಕಡೆ ಅವರು ಚೇತರಿಸಿಕೊಳ್ಳಲಿ ಅಂತ ಕೈಮುಗಿಯುತ್ತಲೇ ಇನ್ನೊಂದು ಕಡೆ ಪುಟಗಳನ್ನು ತುಂಬಿಸುತ್ತಿದ್ದೆವು. 21ರಂದು ಸುದ್ದಿ ಬಂದಾಗ ದಿನಾಂಕ ಸೇರಿಸುವುದಷ್ಟೇ ಬಾಕಿ ಇತ್ತು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಏನೂ ಇರಲಿಲ್ಲ. 46 ವರ್ಷದವರಿಗೆ ಯಾರು ಪುಟ ಮಾಡಿಡುತ್ತಾರೆ? ಅವತ್ತು ಒಬ್ಬರು ಅಳುತ್ತಲೇ ಟೈಪ್ ಮಾಡುತ್ತಿದ್ದರು. ಅವರನ್ನು ಸಮಾಧಾನ ಮಾಡಲೂ ಯಾರಿಗೂ ಪುರುಸೊತ್ತಿರಲಿಲ್ಲ.

ಇಷ್ಟು ಪೀಠಿಕೆ ಯಾಕೆ ಅಂದರೆ, ಐಸಿಯು ಹೊರಗಿನ ಆ ರಾತ್ರಿ ಇದೇ ಕೆಲಸ ನನ್ನ ತಲೆಯೊಳಗೆ ನಡೆಯುತ್ತಿತ್ತು.

ಡಾಕ್ಟರು ಹನ್ನೊಂದರ ಹೊತ್ತಿಗೆ ಬಂದು ಹೇಳಬೇಕಾದ್ದನ್ನು ಹೇಳಿ ಹೋಗಿದ್ದರು. ತಂಗಿ ಹುಬ್ಬಳ್ಳಿಯಿಂದ ರೈಲು ಹತ್ತಿದ್ದಳು. ಅಮ್ಮನ ಬಿಪಿ ಏರಿತ್ತು, ಬಲವಂತ ಮಾಡಿ ಮನೆಗೆ ಕಳಿಸಿದ್ದೆ. ಕಾರಿಡಾರಿನ ಸ್ಟೀಲ್ ಕುರ್ಚಿಯಲ್ಲಿ ನಾನೊಬ್ಬಳೇ. ಎರಡು ಗಂಟೆ ಆಸುಪಾಸಿಗೆ ಅವನು ಬಂದ. ನಮ್ಮ ಪೇಜ್ ಮಾಡುವ ಹುಡುಗ. ಹುಡುಗ ಅಂತ ಅಭ್ಯಾಸಬಲದಿಂದ ಅನ್ನುತ್ತೇನೆ, ಅವನಿಗೂ ಇಬ್ಬರು ಮಕ್ಕಳಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾನೆ. ಪುಟ ಕಟ್ಟುವವರ ಹೆಸರು ಪೇಪರಿನಲ್ಲಿ ಎಲ್ಲೂ ಬರುವುದಿಲ್ಲ. ಇಲ್ಲೂ ಬೇಡವಂತೆ.

ಕೊನೆಯ ಎಡಿಷನ್ ಅಚ್ಚಿಗೆ ಕಳಿಸಿ ಸೀದಾ ಬಂದಿದ್ದ. ಯಾರೂ ಹೇಳಿ ಕಳಿಸಿರಲಿಲ್ಲ. ‘ಹೆಂಗೂ ಎದ್ದಿರ್ತೀನಲ್ಲ ಮೇಡಂ’ ಅಂದ. ಗೇಟಿನ ಹತ್ತಿರದ ಸೈಕಲ್ ಟೀಯವನಿಂದ ಎರಡು ಲೋಟ ಟೀ, ಕಂಕುಳಲ್ಲಿ ಅವತ್ತಿನ ಪೇಪರು. ಹೇಗಿದ್ದಾರೆ ಅಂತ ಕೇಳಲಿಲ್ಲ. ನನ್ನ ಮುಖ ನೋಡಿದರೆ ಗೊತ್ತಾಗುತ್ತಿತ್ತೇನೋ. ಪಕ್ಕದಲ್ಲಿ ಕೂತು ಪೇಪರ್ ಬಿಡಿಸಿ ಒಳಪುಟದ ಒಂದು ತಲೆಬರಹ ತೋರಿಸಿದ. ಎರಡು ಸಾಲಿನ ಹೆಡಿಂಗು. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’ ಇತ್ತು. ಆ ಒತ್ತಕ್ಷರದ ಬಾಲ ಕೆಳಗಿನ ಸಾಲಿನ ‘ಶಿ’ ಗುಡಿಸಿನ ಮೇಲೆ ಕೂತುಬಿಟ್ಟಿತ್ತು. ಕನ್ನಡ ಪುಟ ಕಟ್ಟುವವರ ದಿನನಿತ್ಯದ ತಲೆನೋವು ಇದು. ಅಕ್ಷರದ ಕೆಳಗೂ ಮೇಲೂ ಜಾಗ ಬೇಕು, ಅಂಕಣದಲ್ಲಿ ಜಾಗ ಇರುವುದಿಲ್ಲ. ‘ನೀವಿಲ್ಲ ನೋಡಿ, ಯಾರೂ ಹಿಡೀಲಿಲ್ಲ’ ಅಂದ. ಅದು ಸುಳ್ಳು. ಅದನ್ನು ಹಿಡಿಯುವುದು ಯಾವತ್ತೂ ಅವನೇ. ನಾವಿಬ್ಬರೂ ಆ ಟ್ಯೂಬ್‌ಲೈಟಿನ ಕೆಳಗೆ, ಅಚ್ಚಾಗಿ ಮುಗಿದಿದ್ದ ಪೇಪರನ್ನು ಮೊದಲ ಪುಟದಿಂದ ಪ್ರೂಫ್ ನೋಡಿದೆವು. ಯಾರಿಗೂ ಉಪಯೋಗವಿಲ್ಲದ ಕೆಲಸ. ನನಗೆ ಅದು ಬೇಕಿತ್ತು.

ಆಮೇಲೆ ಹೇಳಿಬಿಟ್ಟೆ. ಅಪ್ಪನ ನಿಧನ ವಾರ್ತೆ ನನ್ನ ತಲೆಯಲ್ಲಿ ಆಗಲೇ ಬರೆದಾಗಿದೆ ಅಂತ. ಹೆಸರು, ಕಂಸದಲ್ಲಿ ವಯಸ್ಸು, ‘ಅಲ್ಪಕಾಲದ ಅಸ್ವಸ್ಥತೆಯಿಂದ’, ‘ಅವರಿಗೆ ಪತ್ನಿ, ಇಬ್ಬರು ಪುತ್ರಿಯರು ಇದ್ದಾರೆ’. ನಾನು ಬರೆಯುತ್ತಿರಲಿಲ್ಲ, ಅದು ತಾನಾಗಿ ಬರುತ್ತಿತ್ತು. ವಾಕ್ಯ ಉದ್ದವಾಯಿತು ಅಂತ ತಿದ್ದುತ್ತಲೂ ಇದ್ದೆ. ಒಳಗೆ ಮಲಗಿರುವುದು ನನ್ನಪ್ಪ, ನಾನು ಹೊರಗೆ ಕೂತು ಸಿಂಗಲ್ ಕಾಲಮ್ಮಿಗೆ ಹೊಂದಿಸುತ್ತಿದ್ದೇನೆ. ಈ ಕೆಲಸ ನನ್ನನ್ನು ಎಂಥವಳನ್ನಾಗಿ ಮಾಡಿಬಿಟ್ಟಿದೆ ಅಂತ ಕೇಳಿದೆ. ಕೇಳಿದೆ ಅನ್ನುವುದಕ್ಕಿಂತ ಕಿರುಚಿದೆ ಅನ್ನಬೇಕು. ನರ್ಸ್ ಬಂದು ಇಣುಕಿ ಹೋದರು.

ಅವನು ಟೀ ಲೋಟ ಕೆಳಗಿಟ್ಟ. ‘ಎಷ್ಟು ಸಾಲು?’ ಅಂದ.

‘ಹನ್ನೆರಡು.’

‘ಜಾಗ ಇಲ್ಲ ಮೇಡಂ. ಎಲ್ಲಾ ಪೇಜ್ ಹೋಗಾಯ್ತು. ಇವತ್ತು ತಗೊಳ್ಳಕ್ಕಾಗಲ್ಲ.’

ನನಗೆ ನಗು ಬಂತು. ನಕ್ಕೆ. ಆಮೇಲೆ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತೆ, ಅಷ್ಟು ದಿನದಲ್ಲಿ ಮೊದಲ ಸಲ. ಅವನು ಸಮಾಧಾನ ಮಾಡಲು ಬರಲಿಲ್ಲ. ಸುಮ್ನೆ ಪೇಪರ್ ಮಡಚಿ ಇಟ್ಟು ಪಕ್ಕದಲ್ಲಿ ಕೂತಿದ್ದ. ಬೆಳಿಗ್ಗೆ ತಂಗಿ ಬರುವವರೆಗೆ ಕೂತೇ ಇದ್ದ. ಆಮೇಲೆ ಮನೆಗೆ ಹೋಗಿ, ಮಕ್ಕಳನ್ನು ಸ್ಕೂಲಿಗೆ ಬಿಟ್ಟು, ಸಂಜೆ ಮತ್ತೆ ಪಾಳಿಗೆ ಹೋಗಿದ್ದಾನೆ. ಇದು ನನಗೆ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ, ಬೇರೆಯವರಿಂದ.

ಅವನಿಗೆ ಥ್ಯಾಂಕ್ಸ್ ಹೇಳಲು ಹೋದರೆ ‘ಲೀಡ್ ಹೆಡಿಂಗ್ ಬೇಗ ಕೊಡಿ ಸಾಕು’ ಅನ್ನುತ್ತಾನೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಓದಿ ಬಯ್ಯಲಿ.

ಉಳಿದವರಿಗೆಲ್ಲ ಒಟ್ಟಿಗೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ: ನನ್ನ ಪಾಳಿ ಹಂಚಿಕೊಂಡ ಡೆಸ್ಕಿನವರು, ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದ್ದಕ್ಕೆ ರಕ್ತ ಕೊಡಲು ಬಂದ ಫೋಟೊಗ್ರಾಫರುಗಳು, ಯಾವ ಪರೀಕ್ಷೆ ಎಲ್ಲಿ ಮಾಡಿಸಬೇಕು ಅಂತ ದಾರಿ ತೋರಿಸಿದ ಆರೋಗ್ಯದ ಸುದ್ದಿ ನೋಡಿಕೊಳ್ಳುವ ಗೆಳತಿ, ರಜೆ ಎಷ್ಟು ಅಂತ ಕೇಳದ ಸಂಪಾದಕರು, ಅಮ್ಮನಿಗೆ ದಿನಾ ಊಟ ಕೊಟ್ಟ ಪಕ್ಕದ ಮನೆಯವರು, ಊರೂರಿನಿಂದ ಫೋನ್ ಮಾಡಿದ ತಾಲ್ಲೂಕು ವರದಿಗಾರರು. ಒಬ್ಬರಂತೂ, ನಾನು ಹೆಸರು ಹೊಡೆದು ಹಾಕುತ್ತೇನೆ ಅಂತ ವರ್ಷಗಟ್ಟಲೆ ಜಗಳ ಆಡಿದವರು, ಅಪ್ಪನ ಹೆಸರಲ್ಲಿ ಅರ್ಚನೆ ಮಾಡಿಸಿ ನಂಜನಗೂಡಿನ ಪ್ರಸಾದ ಕಳಿಸಿದ್ದರು. ಇನ್ನು ಮೇಲೆ ಅವರ ಕಾಪಿಯಲ್ಲಿ ಎರಡು ಹೆಸರು ಜಾಸ್ತಿ ಇದ್ದರೂ ಬಿಡುತ್ತೇನೆ. ಎರಡೇ.

ಪ್ರೆಸ್ಸಿನವರು ಅಂತ ಹೇಳಿದ್ದರೆ ಆಸ್ಪತ್ರೆಯಲ್ಲಿ ಕೆಲಸ ಬೇಗ ಆಗುತ್ತಿತ್ತು ಅಂತ ಇಬ್ಬರು ಮೂವರು ಹೇಳಿದರು. ಆಗುತ್ತಿತ್ತೇನೋ. ಕಾರ್ಡು ಚೀಲದಲ್ಲೇ ಇತ್ತು, ತೆಗೆಯಲು ಮನಸ್ಸು ಬರಲಿಲ್ಲ. ನನ್ನ ಹಿಂದೆ ಕ್ಯೂನಲ್ಲಿ ನಿಂತವರಿಗೂ ಒಳಗೆ ಒಬ್ಬ ಅಪ್ಪ ಇದ್ದರು.

ಈಗ ತಂಗಿಯ ಮಗಳ ಸರದಿ. ಪಿಯುಸಿ ಆಯ್ತು, ಪತ್ರಿಕೋದ್ಯಮ ಓದಲಾ ದೊಡ್ಡಮ್ಮ ಅಂತ ಕೇಳುತ್ತಿದ್ದಾಳೆ. ಮೊಬೈಲಿನಲ್ಲೇ ಎಲ್ಲ ಓದುವ ಕಾಲದಲ್ಲಿ ಪತ್ರಿಕೆಯ ಕೆಲಸ ಎಷ್ಟು ದಿನವೋ, ನನಗೆ ಧೈರ್ಯವಾಗಿ ಹೂಂ ಅನ್ನಲು ಆಗಲಿಲ್ಲ. ಸಂಬಳ, ರಾತ್ರಿ ಪಾಳಿ, ಹಬ್ಬಕ್ಕೂ ರಜೆ ಸಿಗದಿರುವುದು, ಎಲ್ಲ ಬಿಡಿಸಿ ಹೇಳಿದೆ. ಹಾಸಿಗೆಯಲ್ಲಿದ್ದ ಅಪ್ಪ ಕೇಳಿಸಿಕೊಂಡು, ‘ಸೇರ್ಕೊಳ್ಳಲಿ ಬಿಡು. ರಾತ್ರಿ ಮನೆವರೆಗೆ ಕ್ಯಾಬ್ ಬಿಡೋ ಕಡೆ ಸೇರ್ಕೋ ಅಂತ ಹೇಳು’ ಅಂದರು. ಡಿ.ಎಡ್ ಅರ್ಜಿಯ ವಿಷಯ ನಾನು ಎತ್ತಲಿಲ್ಲ.

ಅಪ್ಪನನ್ನು ನೋಡಲು ಬರುವವರು ಸಂಜೆ ಬನ್ನಿ, ಆಗ ಅವರು ಚೆನ್ನಾಗಿ ಮಾತಾಡುತ್ತಾರೆ. ಸ್ವೀಟ್ ತರಬೇಡಿ, ಅಮ್ಮ ಕಣ್ಣಿಟ್ಟಿರುತ್ತಾರೆ. ನನಗೆ ಫೋನ್ ಮಾಡುವವರು ದಯವಿಟ್ಟು ಬೆಳಿಗ್ಗೆ ಹನ್ನೊಂದರ ಮೇಲೆ ಮಾಡಿ.