ಸ್ಯಾಗ್ ಹಾರ್ಬರಿನ ಆರ್ಗನ್ ಬಳಗಕ್ಕೆ

ನಮ್ಮವರ ಚಿಕಿತ್ಸೆ ಮುಗಿಯಿತು. "ಇನ್ನು ಆರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು" ಅಂದಿದ್ದಾರೆ ಡಾಕ್ಟರು. ಸೋಮವಾರದಿಂದ ಕೆಲಸಕ್ಕೂ ಹೊರಟಿದ್ದಾರೆ. ಸಾರು-ಪಲ್ಯ ಕಳಿಸಿದ, ಆಸ್ಪತ್ರೆಗೆ ಕಾರು ತಂದ, ಮಗಳನ್ನು ಶಾಲೆಯಿಂದ ಕರೆತಂದ ಕನ್ನಡ ಬಳಗಕ್ಕೆ ಎಷ್ಟು ಹೇಳಿದರೂ ಕಡಿಮೆಯೇ. ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಋಣವೂ ನನ್ನ ಮೇಲಿದೆ. ಅದು ನಮ್ಮೂರಿನ ಪ್ರೆಸ್ಬಿಟೇರಿಯನ್ ಪಂಗಡದ ಚರ್ಚಿನದು.

ಸ್ಯಾಗ್ ಹಾರ್ಬರ್ ನ್ಯೂಯಾರ್ಕಿನಿಂದ ಸುಮಾರು 100 ಮೈಲಿ ದೂರ, ಲಾಂಗ್ ಐಲ್ಯಾಂಡಿನ ಪೂರ್ವಕ್ಕಿರುವ ಸಣ್ಣ ಊರು. ತಿಮಿಂಗಿಲ ಬೇಟೆಯಿಂದ ಹಣ ಹರಿಯುತ್ತಿದ್ದ ಕಾಲದಲ್ಲಿ, 1844ರಲ್ಲಿ, ಈಜಿಪ್ಟಿನ ದೇಗುಲದ ಮಾದರಿಯಲ್ಲಿ ಈ ಚರ್ಚು ಕಟ್ಟಿದರು. ಮಾಡಿನ ಅಂಚಿನ ಮರದ ಕೆತ್ತನೆಯಲ್ಲಿ ತಿಮಿಂಗಿಲದ ಕೊಬ್ಬು ಕೊಯ್ಯುವ ಸಲಿಕೆಯ ಆಕಾರವೇ ಇದೆ. 185 ಅಡಿಯ ಗೋಪುರ 1938ರ ಚಂಡಮಾರುತಕ್ಕೆ ಬಿದ್ದುಹೋಯಿತು, ಮತ್ತೆ ಏಳಲಿಲ್ಲ. ನ್ಯೂಯಾರ್ಕಿನ ಹೆನ್ರಿ ಅರ್ಬೆನ್ 1845ರಲ್ಲಿ ಮಾಡಿಕೊಟ್ಟ ಆರ್ಗನ್, ಅಂದರೆ ಕೊಳವೆಗಳಿಗೆ ಗಾಳಿ ಊದಿಸಿ ನುಡಿಸುವ ದೊಡ್ಡ ವಾದ್ಯ, ಮಾತ್ರ ಉಳಿಯಿತು. ಕರೆಂಟ್ ಇಲ್ಲದ ಆ ದಿನಗಳಲ್ಲಿ ಒಬ್ಬರು ನುಡಿಸಬೇಕಾದರೆ ತಿದಿ ಒತ್ತಲು ಇನ್ನೊಬ್ಬರು ಬೇಕಿತ್ತು. ಹೆಸರೇ ಉಳಿಯದ ಆ ತಿದಿಯವರನ್ನು ನಾನು ಆಗಾಗ ನೆನೆಯುತ್ತೇನೆ.

ಇವರು ಔಷಧಿಯ ಮಂಪರಿನಲ್ಲಿ ಮಲಗಿದ ಮಧ್ಯಾಹ್ನಗಳಲ್ಲಿ ನಾನು ಚರ್ಚಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುತ್ತಿದ್ದೆ. ಮೇಲೆ ಆರ್ಗನ್ ನುಡಿಸುವ ಅಮ್ಮ ಅಭ್ಯಾಸ ಮಾಡುತ್ತಿದ್ದರು. ಯಾರು, ಯಾಕೆ ಬಂದೆ, ಯಾವ ದೇವರು ಅಂತ ಒಂದು ದಿನವೂ ಕೇಳಲಿಲ್ಲ. ಒಂದು ದಿನ ಶ್ರುತಿ ಮಾಡುವವರ ಜೊತೆಯಾಳು ಬಂದಿರಲಿಲ್ಲ. "ಬಂದು ಕೀ ಒತ್ತುತ್ತೀರಾ?" ಅಂತ ಆಕೆ ನನ್ನನ್ನು ಮೇಲೆ ಕರೆದರು.

ಶ್ರುತಿ ಮಾಡುವ ಹಿರಿಯರು ಆರ್ಗನ್ನಿನ ದೊಡ್ಡ ಪೆಟ್ಟಿಗೆಯೊಳಗೆ, ಕೊಳವೆಗಳ ನಡುವೆ ಕಾಣದಂತೆ ನಿಂತಿದ್ದರು. ನಾನು ಹೊರಗೆ ಕೂತು ಒಂದೊಂದೇ ಕೀ ಒತ್ತಿ ಹಿಡಿಯಬೇಕು. ಎರಡು ಕೊಳವೆಗಳ ಶ್ರುತಿ ಕೂಡದಿದ್ದರೆ ದನಿಯಲ್ಲಿ ಅಲೆ ಏಳುತ್ತದೆ. ಅವರು ಹಿತ್ತಾಳೆಯ ಕೋನ್ ಹಿಡಿದು ಸಣ್ಣ ಕೊಳವೆಯ ಮೇಲ್ತುದಿಯ ಬಾಯಿಗೆ ಮೆಲ್ಲಗೆ ತಟ್ಟುವರು. ಬಾಯಿ ಕೊಂಚ ಅರಳಿದರೆ ಶ್ರುತಿ ಏರುತ್ತದೆ, ಕೋನ್ ತಿರುವಿ ಹಾಕಿ ಬಾಯಿ ಕಿರಿದು ಮಾಡಿದರೆ ಇಳಿಯುತ್ತದೆ. ತಂಬೂರಿ ಶ್ರುತಿಗೆ ಸೇರುವಾಗ ಆಗುವಂತೆಯೇ ಅಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ಇಲ್ಲವಾಗುತ್ತದೆ. ಒಳಗಿಂದ "ಮುಂದಿನದು" ಅನ್ನುವರು, ನಾನು ಪಕ್ಕದ ಕೀಗೆ ಹೋಗುವೆ. ಕೊಳವೆಯ ಮೈಗೆ ಕೈ ತಾಗಿದರೂ ಅದು ಬೆಚ್ಚಗಾಗಿ ಶ್ರುತಿ ಏರುತ್ತದಂತೆ, ಅದಕ್ಕೇ ಅವರಿಗೆ ಅಷ್ಟು ಎಚ್ಚರ. ರಿಪೋರ್ಟು, ರಕ್ತದ ಲೆಕ್ಕ, ಮುಂದೇನು ಅನ್ನುವ ಭಯ ಯಾವುದೂ ಆ ಮಧ್ಯಾಹ್ನ ನನ್ನ ಹತ್ತಿರ ಸುಳಿಯಲಿಲ್ಲ. ಅಷ್ಟು ತಿಂಗಳಲ್ಲಿ ನನ್ನಿಂದ ಒಂದು ಕೆಲಸ ಸರಿಯಾಗಿ ಆಯಿತು ಅನ್ನಿಸಿದ್ದು ಅವತ್ತೇ.

ಆಮೇಲೆ ಚರ್ಚಿನ ಸಭೆಯವರು ಇವರ ಹೆಸರನ್ನು ನನ್ನ ಬಾಯಲ್ಲಿ ಎರಡು ಸಲ ಹೇಳಿಸಿಕೊಂಡು, ಬರೆದುಕೊಂಡು, ಭಾನುವಾರದ ಪ್ರಾರ್ಥನೆಯಲ್ಲಿ ಅಕ್ಷರ ತಪ್ಪದೆ ಹೇಳಿದರು. ಮೈಸೂರಿನಲ್ಲಿ ನಮ್ಮ ಅತ್ತೆ ಚಾಮುಂಡಿಗೆ ಹರಕೆ ಹೊತ್ತಿದ್ದರು. ಎರಡೂ ನಮ್ಮನ್ನು ಕಾಯ್ದವು ಅಂತಲೇ ನಂಬಿದ್ದೇನೆ.

ಆ ಅಮ್ಮನಿಗೆ, ಶ್ರುತಿಯ ಹಿರಿಯರಿಗೆ, ಸಭೆಯ ಎಲ್ಲರಿಗೂ ನನ್ನ ನಮಸ್ಕಾರ. ಮುಂದಿನ ಸಲ ಶ್ರುತಿ ಮಾಡುವಾಗಲೂ ಕೀ ಒತ್ತಲು ನಾನೇ ಬರುತ್ತೇನೆ. ಇವರೂ ಜೊತೆಗೆ ಬರುತ್ತಾರಂತೆ.