ಗೆಂದಾಳಿ ಮನೆಯಲ್ಲೇ ಉಳಿಯಿತು

ಮೊನ್ನೆ ಸ್ಕ್ಯಾನ್ ನೋಡಿದ ಡಾಕ್ಟರು "ಇನ್ನು ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ನನ್ನ ಕ್ಯಾನ್ಸರಿನ ವಿಚಾರ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ಬರೆಯುವುದಿಲ್ಲ. ಇದು ಬೆಕ್ಕಿನ ಲೆಕ್ಕ. ನನಗೆ ಬೆಕ್ಕಿನ ಅಲರ್ಜಿ ಇದ್ದೂ ಆರು ಕೀಮೋ ಮುಗಿಯುವವರೆಗೆ ಗೆಂದಾಳಿ ಎಂಬ ನಮ್ಮ ಬೆಕ್ಕನ್ನು ಇಟ್ಟುಕೊಂಡದ್ದು ನನ್ನ ಹಟ ಅಂತ ಊರಲ್ಲಿ ಮಾತಿದೆ. ಹಟ ನನ್ನದು ಹೌದು, ಕೆಲಸ ಮಾತ್ರ ಬೇರೆಯವರದು.

ನನ್ನ ಕ್ಲಾಸುಗಳನ್ನು ಹಂಚಿಕೊಂಡ ಶಾಲೆಯ ಮಾಷ್ಟ್ರುಗಳಿಗೆ, ಗಂಜಿ ತಂದಿಟ್ಟು ಗೇಟಿನಿಂದಲೇ ಹೋದ ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರಿಗೆ, ವಾರಕ್ಕೊಮ್ಮೆ ಕೀಮೋ ಹಾಕಲು ತೋಳಿನಲ್ಲಿ ಇಟ್ಟ ಲೈನಿನ ಡ್ರೆಸ್ಸಿಂಗ್ ಬದಲಿಸಿದ, ಮನೆಗೆ ಬಂದು ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ, ಮೃಗಾಸ್ಪತ್ರೆಯ ಡಾಕ್ಟರಿಗೆ, ಜೀಪಿನ ಅಣ್ಣನಿಗೆ ಕೃತಜ್ಞತೆಗಳು.

ಬೆಕ್ಕನ್ನು ಕೂಡಲೇ ಹೊರಗೆ ಹಾಕಿ ಅಂದ ಡಾಕ್ಟರರ ಮಾತಿನಲ್ಲಿ ತಪ್ಪಿರಲಿಲ್ಲ. ಬಿಳಿ ರಕ್ತಕಣ ಇಳಿದಾಗ ಬರುವ ಕೆಮ್ಮು ಅಲರ್ಜಿಯದೋ ಸೋಂಕಿನದೋ ಎಂದು ಬೇರ್ಪಡಿಸುವುದು ಕಷ್ಟ. ಆದರೆ ಶರತ್ತು ಹಾಕಿ ಒಪ್ಪಿದ ಇನ್ನೊಬ್ಬ ಡಾಕ್ಟರು ಮೊದಲು ರಕ್ತದಲ್ಲಿ ಅಲರ್ಜಿ ಪತ್ತೆಮಾಡುವ ಐಜಿಇ ಪರೀಕ್ಷೆ ಮಾಡಿಸಿದರು. ಅಲರ್ಜಿಯ ಮಾತ್ರೆ ಸೆಟ್ರಿಜಿನ್ ತಿನ್ನುತ್ತಿರುವವರಿಗೆ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಸರಿ ಬರುವುದಿಲ್ಲ, ಮಾತ್ರೆ ಕೆಲವು ದಿನ ನಿಲ್ಲಿಸಬೇಕು. ರಕ್ತಕ್ಕೆ ಆ ತೊಂದರೆ ಇಲ್ಲ. ಮತ್ತೆ ಅವರೇ ಲೆಕ್ಕ ಹೇಳಿದರು: ಅಲರ್ಜಿ ತರುವುದು ಕೂದಲಲ್ಲ, ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಎಣ್ಣೆಯಲ್ಲಿ ಇರುವ ಫೆಲ್ ಡಿ 1 ಎಂಬ ಪ್ರೋಟೀನ್. ಬೆಕ್ಕು ಹೋದ ಮೇಲೂ ಅದು ಹಾಸಿಗೆ, ಪರದೆ, ಗೋಡೆಗಳಲ್ಲಿ ನಾಲ್ಕಾರು ತಿಂಗಳು ಇರುತ್ತದೆ. 21 ದಿನಕ್ಕೊಂದರಂತೆ ಆರು ಕೀಮೋ ಅಂದರೆ ನಾಲ್ಕು ತಿಂಗಳ ಮೇಲೆ. ಬೆಕ್ಕನ್ನು ಓಡಿಸಿ ಮನೆಯನ್ನು ಹಾಗೇ ಬಿಟ್ಟರೆ ಏನು ಬಂತು? ಗೆಂದಾಳಿ ಕೆಂಪು ಗಂಡು. ಆ ಬಣ್ಣದಲ್ಲಿ ಹೆಣ್ಣೇ ಕಮ್ಮಿ. ಬೀಜ ತೆಗೆಸದ ಗಂಡಿನಲ್ಲಿ ಈ ಪ್ರೋಟೀನ್ ಹೆಚ್ಚು, ತೆಗೆಸಿದರೆ ಇಳಿಯುತ್ತದೆ. ಪುಣ್ಯಕ್ಕೆ ಆ ಕೆಲಸ ಮೊದಲೇ ಆಗಿತ್ತು.

ಇನ್ನು ಪೆರ್ಲದ ಚಿಕ್ಕಮ್ಮ. ಬೆಕ್ಕು ಕಂಡರೆ ಸೆರಗು ಎತ್ತಿ ನಡೆಯುವವರು. ಈ ಮನೆಗೆ ಬಂದ ಮರುದಿನವೇ ಗೆಂದಾಳಿಯ ಹೇಲಿನ ಟ್ರೇ ಅವರ ಕೈಗೆ ಹೋಯಿತು. ರೋಗಿ ಅದನ್ನು ಮುಟ್ಟಲೇಬಾರದು ಎನ್ನುವುದು ಮೊದಲ ಶರತ್ತು. ಟಾಕ್ಸೊಪ್ಲಾಸ್ಮಾ ಎಂಬ ರೋಗಾಣುವಿನ ಮೊಟ್ಟೆ ಬೆಕ್ಕಿನ ಹೇಲಿನಲ್ಲಿ ಬಿದ್ದ ಕೂಡಲೇ ಹರಡುವುದಿಲ್ಲ, ಹದವಾಗಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಅದು ಮನೆ ಬಿಡಬೇಕು. ಚಿಕ್ಕಮ್ಮನಿಗೆ ಅದು ಬೆಳಗ್ಗಿನ ಆರೂವರೆ, ಹಬ್ಬವಾದರೂ ಸೈ, ಆಟಿಯ ಜಡಿಮಳೆಯಾದರೂ ಸೈ.

ಮೊದಲು ಮಿಲ್ಲಿನಿಂದ ಮರದ ಹುಡಿ ತಂದು ಹಾಕಿದೆವು. ಮಳೆಗಾಲದ ತೇವಕ್ಕೆ ನಾಲ್ಕೇ ದಿನದಲ್ಲಿ ಬೂಸರು ಬಂತು. ಬಿಳಿಕಣ ಇಲ್ಲದವರ ಶ್ವಾಸಕೋಶಕ್ಕೆ ಬೂಸರಿನ ಹುಡಿ ಬೆಕ್ಕಿಗಿಂತ ದೊಡ್ಡ ಅಪಾಯ. ಬೆಕ್ಕಿನ ಟ್ರೇಗೆಂದೇ ಚೀಲದಲ್ಲಿ ಬರುವ ಜೇಡಿಮಣ್ಣಿನ ಹರಳು ಸುರಿದಾಗ ಧೂಳೇ ಧೂಳು. ಕೊನೆಗೆ ಚಿಕ್ಕಮ್ಮ ಹೊಳೆಯ ಹೊಯ್ಗೆಗೆ, ಅಂದರೆ ಮರಳಿಗೆ, ಬಂದರು. ಮೂರು ನೀರಿನಲ್ಲಿ ತೊಳೆದು, ಹಳೆಯ ಕಬ್ಬಿಣದ ಬಾಣಲೆಯಲ್ಲಿ ಹಾಕಿ ಬಚ್ಚಲ ಒಲೆಯ ಮೇಲೆ ಹುರಿಯುವುದು. ಹೊಯ್ಗೆ ಸೌಟಿನಿಂದ ಸರಸರ ಜಾರುವವರೆಗೆ ಹುರಿದರೆ ಒಣಗಿದ್ದೂ ಆಯಿತು, ಊರ ಬೆಕ್ಕುಗಳು ಮೊದಲೇ ಬಿಟ್ಟ ಮೊಟ್ಟೆಗಳಿದ್ದರೆ ಅವು ಸತ್ತದ್ದೂ ಆಯಿತು. ಟ್ರೇಯಲ್ಲಿ ಎರಡು ಇಂಚು ದಪ್ಪ. ಕಮ್ಮಿಯಾದರೆ ಬೆಕ್ಕು ತಳ ಕೆರೆದು ಮೂತ್ರ ಪ್ಲಾಸ್ಟಿಕ್ಕಿಗೆ ಅಂಟುತ್ತದೆ. ಹೇಲು ತೆಗೆಯಲು ತೆಂಗಿನ ಗೆರಟೆ. ಕಾಯಿಸಿದ ಆಣಿಯಿಂದ ಹದಿನೇಳು ತೂತು ಕೊರೆದು ಬಿದಿರಿನ ಹಿಡಿ ಕಟ್ಟಿದ್ದರು. ತೆಗೆದದ್ದು ಬಾವಿಯಿಂದ, ಬಸಳೆ ಚಪ್ಪರದಿಂದ ದೂರದ ಗುಂಡಿಗೆ, ಏಕೆಂದರೆ ಮಣ್ಣಿನಲ್ಲಿ ಈ ಮೊಟ್ಟೆ ವರ್ಷ ದಾಟಿಯೂ ಬದುಕುತ್ತದೆ. ಟ್ರೇಗೆ ಕುದಿಯುವ ನೀರು. ಬ್ಲೀಚಿಂಗ್ ಹುಡಿಗೆ ಈ ಮೊಟ್ಟೆ ಬಗ್ಗುವುದಿಲ್ಲ. ಫಿನೈಲ್ ಬೆಕ್ಕಿಗೆ ವಿಷ, ನೆಲ ಒರೆಸಲಿಕ್ಕೂ ಬೇಡ. ಸಾಬೂನು ನೀರು ಸಾಕು. ಒಣ ಹಿಡಿಸೂಡಿ ನನ್ನ ಕೋಣೆಗೆ ಬರಲೇ ಇಲ್ಲ, ಗುಡಿಸಿದರೆ ಕೂತ ಅಲರ್ಜಿ ಎದ್ದು ಗಾಳಿಗೆ ಸೇರುತ್ತದೆ.

ಹೇನು ತೆಗೆಯುವ ಸೀರಣಿಗೆಯಿಂದ ವಾರಕ್ಕೆರಡು ಸಲ ಬಾಚುವುದು. ಹಲ್ಲಿಗೆ ಸಿಕ್ಕ ಕಪ್ಪು ಕಾಳನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉಜ್ಜಿದಾಗ ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ. ಬೆಕ್ಕಿನ ಪರಚಿನಿಂದ ಬರುವ ಜ್ವರದ ಬ್ಯಾಕ್ಟೀರಿಯ ಇರುವುದು ಅದರಲ್ಲೇ. ಅಂಗಡಿಯವ ನಾಯಿಯ ಚಿಗಟದ ಮದ್ದು ಕೊಟ್ಟಿದ್ದ. ಚಿಕ್ಕಮ್ಮ ಚೀಟಿ ಓದಿಸಿ ಪರ್ಮೆಥ್ರಿನ್ ಎಂಬ ಹೆಸರು ಕೇಳಿದವರೇ ವಾಪಸು ಕಳಿಸಿದರು, ಅದು ಬೆಕ್ಕನ್ನು ಕೊಲ್ಲುವ ಮದ್ದು. ಉಗುರಿನ ತುದಿಯನ್ನು ಎರಡು ವಾರಕ್ಕೊಮ್ಮೆ ಕತ್ತರಿಸುತ್ತಿದ್ದರು, ಒಳಗಿನ ಗುಲಾಬಿ ಭಾಗ ಬಿಟ್ಟು. ಸ್ನಾನ ಮಾಡಿಸಿದರೆ ಪ್ರೋಟೀನ್ ಎರಡು ಮೂರು ದಿನದಲ್ಲಿ ಮೊದಲಿನಂತೆಯೇ ಆಗುತ್ತದೆ, ಅದಕ್ಕಾಗಿ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ಇಷ್ಟೆಲ್ಲ ಮಾಡಿ ಸೀರೆ ಬದಲಿಸಿಯೇ ನನ್ನ ಹತ್ತಿರ ಬರುತ್ತಿದ್ದರು. ಬೆಕ್ಕು ಬಾರದ ಕೋಣೆಗೂ ಅಲರ್ಜಿ ಬಟ್ಟೆಯ ಮೇಲೆ ಬರುತ್ತದೆ.

ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದವರೆಗೆ, ಬಿಳಿಕಣ ತಳ ಮುಟ್ಟುವ ಹೊತ್ತು, ಗೆಂದಾಳಿ ಚಾವಡಿಯಲ್ಲಿ. ನಾನು ಒಳಗೆ. ನಡುವೆ ಕಿಟಕಿಯ ಗಾಜು. ಅದು ಆ ಕಡೆಯಿಂದ ಗಾಜಿಗೆ ಹಣೆ ಉಜ್ಜಿ ಉಜ್ಜಿ ಒಂದೇ ಎತ್ತರದಲ್ಲಿ ಎಣ್ಣೆಯ ಗೆರೆ ಬಿದ್ದಿತ್ತು.

ಮೂರನೆಯ ಕೀಮೋದ ಹತ್ತನೇ ರಾತ್ರಿ ಕರೆಂಟಿಲ್ಲ, ಎರಡು ಗಂಟೆ, ಥರ್ಮಾಮೀಟರಿನಲ್ಲಿ 100.4. ಪ್ಯಾರಾಸಿಟಮಾಲ್ ಕೊಡಿ ಎಂದು ನಾನೇ ಬೇಡಿದೆ. ಚಿಕ್ಕಮ್ಮ ಕೊಡಲಿಲ್ಲ. ಜ್ವರ ಮುಚ್ಚಿಹೋದರೆ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಈ ಹೊತ್ತಿನ ಜ್ವರಕ್ಕೆ ಒಂದು ಗಂಟೆಯೊಳಗೆ ಇಂಜೆಕ್ಷನ್ ಬೀಳಬೇಕು ಎಂದು ನರ್ಸ್ ಹೇಳಿಕೊಟ್ಟದ್ದು ಅವರಿಗೆ ಬಾಯಿಪಾಠ. ಫೋನ್ ಮಾಡಿದರು, ಕ್ಯಾಲೆಂಡರಿನಲ್ಲಿ ಗಂಟೆ ಬರೆದು ಆ ಹಾಳೆಯನ್ನೇ ಹರಿದು ಫೈಲಿಗೆ ಸೇರಿಸಿದರು. ಆಸ್ಪತ್ರೆಯ ದಾರಿಯಲ್ಲಿ ಗಡಿಯ ತಲಪಾಡಿ ದಾಟುವಾಗ ನಾನು, ನನ್ನಿಂದಾಗುವುದಿಲ್ಲ, ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡಿ, ಇದು ಅದರಿಂದಲೇ, ನನಗೆ ಬದುಕಬೇಕು ಅಂತ ಅತ್ತೆ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅವರು ನನ್ನ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು, "ಈಗ ಆ ಸುದ್ದಿ ಬೇಡ. ಜ್ವರ ಬಿಡಲಿ, ಮತ್ತೆ ಮಾತಾಡುವ" ಎಂದರು. ಆರು ದಿನ ಆಸ್ಪತ್ರೆಯಲ್ಲೇ ಕುರ್ಚಿಯಲ್ಲಿ ಮಲಗಿದರು. ಸೋಂಕು ಯಾವುದರದೆಂದು ಹೇಳುವ ಕಲ್ಚರ್ ರಿಪೋರ್ಟಿನಲ್ಲಿ ಬಂದದ್ದು ನನ್ನದೇ ಕರುಳಿನ ಬ್ಯಾಕ್ಟೀರಿಯ. ಆ ಕಾಗದವನ್ನು ಅವರು ಮನೆಗೆ ತಂದು ಗೆಂದಾಳಿಗೆ ಓದಿ ಹೇಳಿದರಂತೆ!

ಆ ಆರು ದಿನ ಹೊಯ್ಗೆ ಹುರಿದವರು ಕೆಳಗಿನ ಮನೆಯ ಇತ್ತಾದ. ಬೂತಾಯಿ ಮೀನಿನ ತಲೆಯನ್ನು ಹಸಿಯಾಗಿ ಹಾಕುತ್ತಿದ್ದವರು, ಹೇಳಿದ ಮೇಲೆ ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆದು ಕೊಟ್ಟರು.

ತಮ್ಮನಿಗೂ ಥ್ಯಾಂಕ್ಸ್, ಬೈದದ್ದಕ್ಕೆ ಕ್ಷಮೆಯೂ. ಏರ್ ಪ್ಯೂರಿಫೈಯರ್ ಕೊಳ್ಳುವಾಗ ಅವನ ಲೆಕ್ಕ ಸರಿಯಿತ್ತು: ಹತ್ತು ಹನ್ನೆರಡರ ಕೋಣೆ, ಒಂಬತ್ತು ಅಡಿ ಎತ್ತರ, ಸುಮಾರು 30 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ತಿರುಗಲು ಗಂಟೆಗೆ 150 ಘನ ಮೀಟರಿನ ಮೇಲೆ ಗಾಳಿ ಸೋಸುವ ಯಂತ್ರ ಬೇಕು. ಹಂಚಿನ ಮಾಡಿನ ಕೋಣೆಗೆ ಈ ಲೆಕ್ಕ ನಡೆಯುವುದಿಲ್ಲ, ಸಂದುಗಳಿಂದ ಗಾಳಿ ಬರುತ್ತಲೇ ಇರುತ್ತದೆ ಎಂದು ನನ್ನನ್ನು ತಾರಸಿಯ ಕೋಣೆಗೆ ಸಾಗಿಸಿದವನೂ ಅವನೇ. ಆಮೇಲೆ ಒಳಗಿನ, ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದ. ಹೊರಗಿನ ಜಾಲರಿ ಮಾತ್ರ ತೊಳೆಯಬಹುದು. ಹೆಪಾ ಒದ್ದೆಯಾದರೆ ಅದರ ಕಾಗದ ಕೆಟ್ಟು ಬೂಸರು ಹಿಡಿಯುತ್ತದೆ, ಹೊಸದೇ ಹಾಕಬೇಕು.

ಆ ಹೊಸ ಫಿಲ್ಟರಿನಲ್ಲಿ ಇನ್ನೂ ಅರ್ಧ ಆಯುಷ್ಯ ಇದೆ. ಕಾಸರಗೋಡಿನ ಆಚೀಚೆ ಯಾರಿಗಾದರೂ ಚಿಕಿತ್ಸೆಯ ಸಮಯಕ್ಕೆ ಬೇಕಾದರೆ ಬಂದು ಯಂತ್ರವನ್ನು ಒಯ್ಯಿರಿ, ಬಾಡಿಗೆ ಬೇಡ. ಗೆರಟೆಯ ಸೌಟು ಕೊಡುವುದಿಲ್ಲ. ಅದನ್ನು ಚಿಕ್ಕಮ್ಮ ಹೋಗುವಾಗ ಬಚ್ಚಲಿನ ಹೊರಗೋಡೆಯ ಆಣಿಗೆ ತೂಗಿಹಾಕಿ, "ಇನ್ನೂ ಮೂರು ತಿಂಗಳು ನೀನು ಮುಟ್ಟಬೇಡ" ಅಂದಿದ್ದಾರೆ.